ತೂಕದ ಚೀಟಿ

ಜೋಕಟ್ಟೆಯ ಗುಜರಿ ಅಂಗಳದಲ್ಲಿ ಅದು ನಿಂತಿರಲಿಲ್ಲ, ಕೂತಿತ್ತು;
ನಾಲ್ಕು ಟಯರನ್ನೂ ಮಣ್ಣಿಗೆ ಕೊಟ್ಟು, ಮೂತಿ ಮಾತ್ರ ರಸ್ತೆಯ ಕಡೆ.
ಬಾನೆಟ್ಟಿನೊಳಗಿಂದ ಒಂದು ಪಪ್ಪಾಯಿ ಗಿಡ
ಹೊಸ ಡ್ರೈವರನ ಹಾಗೆ ಅತ್ತಿತ್ತ ನೋಡುತ್ತಿತ್ತು.

“ಕಿಲೋಕ್ಕೆ ಮೂವತ್ತನಾಲ್ಕು” ಅಂದ ಇದಿನಬ್ಬ.
“ಹಿತ್ತಾಳೆ ಬೇರೆ. ಹಿತ್ತಾಳೆ ನಿನ್ನೆಯೇ ಹೋಯ್ತು.”
ಹಳೇದು, ಅಪರೂಪದ್ದು, ಐವತ್ತೊಂಬತ್ತರ ಬೆಡ್‌ಫರ್ಡ್ ಅಂತೆಲ್ಲ
ನಾನು ಹೇಳಲಿಲ್ಲ, ಹೇಳಿದರೆ ನಲವತ್ತಾಗುತ್ತದೆ.
“ಎಂತ ಮಾಡ್ಲಿಕ್ಕೆ ನಿಮಗೆ ಇದು?”
“ಹೀಗೇ.”
ಹೀಗೇ ಅನ್ನುವುದಕ್ಕೆ ಅವನಲ್ಲಿ ರೇಟಿರಲಿಲ್ಲ.

ಬೈಕಂಪಾಡಿಯ ವೇಬ್ರಿಜ್ಜಿಗೆ ಕ್ರೇನಿನವ ಇಳಿಸುವಾಗ
ಅದರ ಹೊಟ್ಟೆಯಲ್ಲಿ ಏನೋ ಕುಲುಕಿತು.
ಎಲ್ಲರೂ ಕೇಳಿಸಿಕೊಂಡೆವು, ಯಾರೂ ಮಾತಾಡಲಿಲ್ಲ.
ಚೀಟಿ ಬಂತು, ದುಡ್ಡು ಎಣಿಸಿದೆ.

ಕೂಳೂರಿನ ಶೆಡ್ಡಿನಲ್ಲಿ ಟ್ಯಾಂಕಿನ ಮುಚ್ಚಳ ಬಿಚ್ಚಿದಾಗ ತಿಳಿಯಿತು
ಆರು ಕ್ವಿಂಟಾಲ್ ನೀರನ್ನು
ಕಬ್ಬಿಣದ ಕ್ರಯಕ್ಕೆ ಕೊಂಡು ತಂದಿದ್ದೇನೆ.
ಇಪ್ಪತ್ತು ಸಾವಿರದ ನಾನೂರು.
ಮನೆಯಲ್ಲಿ ಫ್ರಿಜ್ಜಿಗೆಂದು ಇಟ್ಟದ್ದು.
“ತಣ್ಣಗೇ ಉಂಟಲ್ಲ” ಅಂದಳು ಲಿಲ್ಲಿ, ಕೈಯದ್ದಿ ನೋಡಿ.
ಮತ್ತೆ ಎರಡು ದಿನ ಮಾತಿಲ್ಲ.

ಬಣ್ಣ ಕೆರೆದೆ. ಮೇಲೆ ಬೂದು. ಅದರಡಿ ಹಸಿರು, ಯಾಕೋ ಗೊತ್ತಿಲ್ಲ.
ಅದರಡಿ ಕೆಂಪು: ದಾಸವಾಳದ್ದಲ್ಲ, ಹೆಂಚಿನದ್ದೂ ಅಲ್ಲ,
ಬೇಯಿಸಿದ ಏಡಿಯ ಬೆನ್ನಿನದ್ದು.
ಕೆಂಪಿನಲ್ಲಿ ಹಳದಿ ಅಕ್ಷರ, ಅರ್ಧ ತಿಂದುಹೋದದ್ದು,
ಕೊನೆಗೆ ‘ಟೈಲ್ ವರ್ಕ್ಸ್’ ಅಂತ ಮಾತ್ರ.
ಹಗಲಿರುಳು ಬೆಂಕಿಗೆ ಉಣಿಸುತ್ತಿದ್ದವರು
ಗೇಟಿನ ಹತ್ತಿರ ಇದನ್ನೂ ಕಟ್ಟಿ ಸಾಕಿದ್ದರು,
ನಾಯಿಯ ಹಾಗೆ, ಬೊಗಳುವ ದಿನ ಬಾರದಿರಲಿ ಅಂತ.

ಮರದ ಏಣಿ ಸಿಕ್ಕಿದ್ದು ಪಡುಬಿದ್ರಿಯಲ್ಲಿ,
ಕೋಳಿಗೂಡಿನ ಮಾಡಾಗಿ.
ಕೋಳಿಗಳಿಗೆ ಹೊಸ ಶೀಟು ಹಾಕಿಕೊಟ್ಟ ಮೇಲೆ ಬಿಟ್ಟುಕೊಟ್ಟರು.
ಗಂಟೆ ಮಾತ್ರ ಇದಿನಬ್ಬನ ‘ನಿನ್ನೆ’ಯಲ್ಲಿ ಹೋಗಿತ್ತು.
ಕರಗಿ ಈಗ ಯಾರ ಬಚ್ಚಲಿನ ನಲ್ಲಿಯೋ,
ಅಲ್ಲಿ ತೊಟ್ಟಿಕ್ಕುತ್ತಿದೆಯೋ.

ಹಳೇ ಡ್ರೈವರ್ ಐತಪ್ಪ ಕರ್ಕೇರರು ಮೂಲ್ಕಿಯಿಂದ ಬಂದರು,
ಎಂಬತ್ತೊಂದು ವರ್ಷ, ಕೊಡೆ ಮಡಿಸದೆಯೇ ಒಳಗೆ.
ಸುತ್ತು ಹಾಕಲಿಲ್ಲ, ಮುಟ್ಟಲಿಲ್ಲ.
“ಎರಡನೇ ಗೇರು ಒತ್ತಿ ಎತ್ತಬೇಕು” ಅಂದರು.
“ಸೀಟು ಇದಲ್ಲ” ಅಂದರು.
ಟ್ಯಾಂಕಿಗೆ ಇಣುಕಿ, “ಮಳೇದಾ?”
“ಇರಬಹುದು” ಅಂದೆ.
“ಅವತ್ತು ಪಂಪು ಎಳೆಯಲಿಲ್ಲ” ಅಂದರು,
ಯಾವತ್ತು ಅಂತ ಹೇಳದೆ.
ಚಾ ಕುಡಿದು ಸಕ್ಕರೆ ಜಾಸ್ತಿ ಅಂದು
ನಾಲ್ಕೂವರೆಯ ಬಸ್ಸಿಗೆ ಹೊರಟರು.

ಹಿಂದಿನ ವಾರವೇ ಪಂಪು ಬಿಚ್ಚಿದ್ದೆ.
ಒಳಗೊಂದು ತೊಗಲಿನ ವಾಶರು, ಅಂಗೈಯಗಲ,
ಹಪ್ಪಳದ ಹಾಗೆ ಸೆಟೆದು ಸಂದಿನಲ್ಲಿ ಗಾಳಿ ಬಿಟ್ಟಿತ್ತು.
ಆ ಕಾಲಕ್ಕೆ ಎಂಟಾಣೆಯ ಸಾಮಾನು.
ಅವರು ಕೂತಿದ್ದಷ್ಟು ಹೊತ್ತೂ ಅದು ನನ್ನ ಕಿಸೆಯಲ್ಲೇ ಇತ್ತು.
ತೋರಿಸಿದ್ದರೆ?
ನಾನು ಲೇತಿನವ. ಕೂದಲೆಳೆಯ ಅಳತೆ ಗೊತ್ತು.
ಇದರದ್ದು ಗೊತ್ತಾಗಲಿಲ್ಲ.

ಹೊಸ ವಾಶರು ನಾನೇ ಕತ್ತರಿಸಿದೆ,
ಮೂರು ರಾತ್ರಿ ಎಣ್ಣೆಯಲ್ಲಿ ನೆನೆಸಿಟ್ಟೆ.
ಭಾನುವಾರ, ಇಗರ್ಜಿಯಿಂದ ಬಂದ ಅಂಗಿಯಲ್ಲೇ,
ಲಿಲ್ಲಿಯ ತಮ್ಮ ಬೊನಾ ಹ್ಯಾಂಡಲ್ ಹೊಡೆದ.
ಹನ್ನೊಂದನೇ ಸಲ ಕೆಮ್ಮಿತು,
ಹದಿನಾಲ್ಕಕ್ಕೆ ಇಡೀ ಶೆಡ್ಡು ನಡುಗಿತು, ಗೋಡೆಯ ಕ್ಯಾಲೆಂಡರು ಬಿತ್ತು.
ಪೈಪು ಉಬ್ಬಿ ನನ್ನನ್ನೇ ಎರಡು ಹೆಜ್ಜೆ ಹಿಂದೆ ತಳ್ಳಿತು.
ಎಂದೋ ಒಂದು ಬೆಂಕಿಗೆಂದು ತುಂಬಿಸಿದ್ದ ನೀರು
(ಮಳೆಯದ್ದೂ ಇರಬಹುದು)
ಕಂದಗೆ, ತುಕ್ಕಿನ ವಾಸನೆಯಲ್ಲಿ, ಕಾಂಪೌಂಡು ಹಾರಿ
ಬಿದ್ದದ್ದು ಸೆವ್ರಿನ್ ಬಾಯಿ ಚಾಪೆಯಲ್ಲಿ ಹರಡಿದ್ದ
ಒಣ ನಂಗಿನ ಮೇಲೆ.

ಅವರು ಹೊರಗೆ ಬಂದರು. ಮೀನು ನೋಡಿದರು, ಲಾರಿ ನೋಡಿದರು,
ಪೈಪು ಹಿಡಿದು ನಗುತ್ತಿದ್ದ ನನ್ನನ್ನು ನೋಡಿದರು.
“ಕಿಲೋಕ್ಕೆ ಎಷ್ಟು, ಗೊತ್ತುಂಟಾ ನಿಮಗೆ?”
ತಕ್ಕಡಿ ತಂದು ಎದುರಿಗೇ ತೂಗಿದರು,
ಒದ್ದೆಯಾಗಿಯೇ.