ಎಂಟು ಗಂಟೆಯ ಬಸ್ಸು

ನನ್ನ ಕೆಲಸ ಮಾತು ದಾಟಿಸುವುದು.
ಪೋರ್ಚುಗೀಸಿನಿಂದ ಕಿಮ್ವಾನಿಗೆ, ಕಿಮ್ವಾನಿಯಿಂದ ಪೋರ್ಚುಗೀಸಿಗೆ.
ದಿನಗೂಲಿ, ಮಧ್ಯಾಹ್ನ ಅನ್ನ, ಒಂದು ಹಳದಿ ಹೆಲ್ಮೆಟ್ಟು.

ಮೊದಲ ಸಭೆ ಗೇರುಮರದಡಿ.
ದ್ರವೀಕೃತ ಅನಿಲ, ಎಂದರು ಇಂಜಿನಿಯರ್ ಸಾಹೇಬರು.
ನಮ್ಮಲ್ಲಿ ಆ ಮಾತಿಲ್ಲ. ನಾನೆಂದೆ:
ಸಮುದ್ರದಡಿ ಒಂದು ಗಾಳಿ ಮಲಗಿದೆ,
ಅದನ್ನು ಎಬ್ಬಿಸಿ, ನೀರಾಗುವ ತನಕ ನಡುಗಿಸಿ,
ಹಡಗಿಗೆ ತುಂಬಿ, ದೂರದ ದೇಶದಲ್ಲಿ
ಮತ್ತೆ ಗಾಳಿ ಮಾಡುತ್ತಾರೆ.
ಮ್ವನಾಶಾ ಕಪುಲಾನದ ಅಂಚನ್ನು ಬಾಯಿಗೊತ್ತಿ ನಕ್ಕಳು:
'ಕೊನೆಗೂ ಗಾಳಿಯೇ ಅಂದಮೇಲೆ
ನಾವು ಏಳಬೇಕಾದ್ದು ಯಾಕೆ?'
ಆಕೆ ಯಾಕೆ ನಕ್ಕಳು, ಕೇಳಿದರು ಸಾಹೇಬರು.
ಸಂತೋಷಕ್ಕೆ, ಎಂದೆ.

ಆಮೇಲೆ ಲೆಕ್ಕದವರು ಬಂದರು.
ತೆಂಗಿಗೆ ಇಷ್ಟು, ಗೇರಿಗೆ ಇಷ್ಟು,
ಕಾಯಿ ಬಿಡದ ಸಸಿಗೆ ಅರ್ಧ.
ಗೋರಿಗೆ, ಅಗೆದು ಸಾಗಿಸುವ ಖರ್ಚು, ಬಿಳಿ ಬಟ್ಟೆ, ಒಂದು ಆಡು.
ಇಳಿತದ ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ
ಹೆಂಗಸರು ಬೆರಳಿನಿಂದ ಹುಡುಕಿ ತೆಗೆವ ಕಪ್ಪೆಚಿಪ್ಪಿಗೆ
ಪಟ್ಟಿಯಲ್ಲಿ ಸಾಲಿರಲಿಲ್ಲ.
ಆ ಕೆಸರು ಅರ್ಧ ದಿನ ಸಮುದ್ರದ್ದು, ಅರ್ಧ ದಿನ ಅವರದ್ದು.
ಅಂಥದ್ದಕ್ಕೆ ಕಾಗದ ಎಲ್ಲಿಂದ ತರುವುದು?
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಈಗ ಅವರೆಲ್ಲ ಒಳನಾಡಿನಲ್ಲಿದ್ದಾರೆ.
ಸಿಮೆಂಟಿನ ಮನೆ, ನಲ್ಲಿ, ಬಾಗಿಲ ಮೇಲೆ ನಂಬರು.
ಚೆನ್ನಾಗಿಯೇ ಇದೆ. ಸುಳ್ಳು ಯಾಕೆ ಹೇಳಲಿ,
ನನ್ನ ತಾಯಿಯ ಮನೆಗೂ ಅಂಥ ತಗಡಿಲ್ಲ.
ಸಮುದ್ರಕ್ಕೆ ಹೋಗಲು ಕಂಪನಿಯ ಬಸ್ಸು,
ಬೆಳಿಗ್ಗೆ ಎಂಟಕ್ಕೆ. ಹನ್ನೆರಡಕ್ಕೆ ವಾಪಸು.

ಸಮುದ್ರಕ್ಕೆ ಗಡಿಯಾರವಿಲ್ಲ ಅನ್ನಬೇಡಿ. ಇದೆ.
ಅದು ದಿನಕ್ಕೆ ಮುಕ್ಕಾಲು ಗಂಟೆ ತಡವಾಗಿ ಏಳುತ್ತದೆ,
ಅಷ್ಟೆ.
ಅಮಾವಾಸ್ಯೆಗೆ, ಹುಣ್ಣಿಮೆಗೆ, ಬಸ್ಸೂ ಇಳಿತವೂ ಕೂಡಿಬರುತ್ತವೆ,
ಬುಟ್ಟಿ ತುಂಬುತ್ತದೆ.
ಅರ್ಧಚಂದ್ರನ ದಿನಗಳಲ್ಲಿ ಬಸ್ಸು ಇಳಿಸುವುದು
ತುಂಬಿ ನಿಂತ ನೀರಿನ ಎದುರು.
ನಲವತ್ತು ಹೆಂಗಸರು ಖಾಲಿ ಬುಟ್ಟಿ ಮಡಿಲಲ್ಲಿಟ್ಟು
ತಂತಿಬೇಲಿಯ ತೆಳ್ಳನೆ ನೆರಳಲ್ಲಿ ಕೂರುತ್ತಾರೆ.
ಹನ್ನೆರಡಕ್ಕೆ ಹಾರ್ನು.
ಅವರು ಬಸ್ಸು ಹತ್ತಿದ ಮೇಲೆ, ಬೆನ್ನ ಹಿಂದೆ,
ನೀರು ಮೆಲ್ಲಗೆ ಇಳಿಯತೊಡಗುತ್ತದೆ.

ನಿನ್ನೆಯ ಸಭೆಯಲ್ಲಿ ಮ್ವನಾಶಾ ಎದ್ದು ನಿಂತಳು.
ಈ ಸಲ ನಗಲಿಲ್ಲ.
'ನಿಮ್ಮ ಬಸ್ಸಿಗೆ ಚಂದ್ರನನ್ನು ನೋಡಲು ಕಲಿಸಿ'
ಅಂದಳು. ಮೇಜಿನ ಮೇಲಿನ ಪೆನ್ನುಗಳೆಲ್ಲ
ನನ್ನ ಬಾಯಿಯನ್ನೇ ನೋಡುತ್ತಿದ್ದವು.
ಬಸ್ಸಿನ ವೇಳೆ ಸ್ವಲ್ಪ ಬದಲಿಸಬಹುದೇ
ಎಂದು ಕೇಳುತ್ತಿದ್ದಾರೆ, ಎಂದೆ.
ಬರೆದುಕೊಂಡರು.
ಪರಿಶೀಲಿಸಲಾಗುವುದು, ಎಂದರು.

ಅದನ್ನು ನಾನು ದಾಟಿಸಬೇಕಾಗಲಿಲ್ಲ.
ಅಷ್ಟು ಪೋರ್ಚುಗೀಸು ಈಗ
ಎಲ್ಲರಿಗೂ ಬರುತ್ತದೆ.