ನವರಂಗ್ ಸ್ಟಾಪಿನಲ್ಲಿ

ಇಪ್ಪತ್ತೆರಡು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತು
ನವರಂಗ್, ನವರಂಗ್, ಯಾರ್ರೀ ನವರಂಗ್, ಎಂದು ಕೂಗಿದವನು ನಾನು.
ವಾರದ ರಜೆಯ ದಿನ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು
ಅದೇ ಹೆಸರಿನ ಹಕ್ಕಿಗಾಗಿ
ಹೆಸರಘಟ್ಟದ ಹುಲ್ಲು, ತುರಹಳ್ಳಿಯ ಕುರುಚಲು,
ಜಿಕೆವಿಕೆಯ ಬಿದಿರುಮೆಳೆ ಎಲ್ಲ ಅಲೆದಿದ್ದೇನೆ.
ಎಲ್ಲರಿಗೂ ಕಂಡಿದೆ. ನನಗೊಬ್ಬನಿಗೆ ಇಲ್ಲ.
ನಾನು ಹೋಗುವ ಹತ್ತು ನಿಮಿಷ ಮೊದಲು ಇತ್ತಂತೆ,
ಟೀ ಕುಡಿಯಲು ಎದ್ದಾಗ ಬಂತಂತೆ.
ಅಂತೆಗಳಲ್ಲೇ ಒಂದು ನೋಟ್‌ಬುಕ್ಕು ತುಂಬಿದೆ.

ಪದ್ಮರಾಜಯ್ಯ ನಮ್ಮ ಭಾನುವಾರದ ಗುಂಪಿನ ಹಿರಿಯರು,
ಪಟ್ಟಿ ಇಡುವವರು, ಕಂಡದ್ದಕ್ಕೆ ಸಾಕ್ಷಿ ಕೇಳುವವರು.
"ಅಕ್ಟೋಬರ್ ಬರಲಿ ತಡಿಯಪ್ಪ,
ಹಿಮಾಲಯದ ತಪ್ಪಲಿಂದ ರಾತ್ರಿ ರಾತ್ರಿ ಹಾರಿ ಬರುತ್ತೆ.
ನಮ್ಮೂರ ದೀಪಗಳಿಗೆ ದಿಕ್ಕು ತಪ್ಪಿ ಬೀಳುತ್ತೆ
ಯಾರದೋ ಬಚ್ಚಲಲ್ಲಿ, ಯಾರದೋ ಸ್ಕೂಟರಿನ ಪಕ್ಕ.
ಬೆಳಗಾರು, ಸಂಜೆಯಾರು, ಎರಡೇ ಸಲ ಸೀಟಿ, ನಿನ್ನ ಹಾಗೇ."

ಅಕ್ಟೋಬರ್ ಹದಿನೇಳು. ಮೊದಲ ಟ್ರಿಪ್ಪು.
ಶೆಲ್ಟರಿನ ಮೇಲೆ ನಾಲ್ಕು ಕಾಗೆ,
ಬಾಕಿ ವಸೂಲಿಗೆ ಬಂದವರ ಹಾಗೆ ಗಲಾಟೆ.
ಬೆಂಚಿನಡಿ, ಮುನಿಲಕ್ಷ್ಮಮ್ಮನ ಸೇವಂತಿಗೆ ಮೂಟೆಯ ಪಕ್ಕ,
ಇದೆಯೋ ಇಲ್ಲವೋ ಎನ್ನುವಷ್ಟು ಮೋಟು ಬಾಲ,
ಕಣ್ಣಿಗೆ ಕಪ್ಪು ಪಟ್ಟಿ, ಬೆನ್ನಿಗೆ ಹಸಿರು,
ಹೆಗಲ ಮೇಲೆ ಒಂದು ಚೂರು ನೀಲಿ,
ಕೆಳಹೊಟ್ಟೆಯಲ್ಲಿ ಭರಣಿ ಮಗುಚಿದ ಕುಂಕುಮ.
ಬಣ್ಣ ಒಂಬತ್ತಿವೆಯಾ ಎಂದು ಎಣಿಸತೊಡಗಿದೆ.
ಏಳಕ್ಕೆ ಹೊನ್ನೂರಪ್ಪ ಹಾರನ್ ಹೊಡೆದ.

ಗಾರ್ಮೆಂಟ್ಸಿನ ಹುಡುಗಿಯರು, ಪೇಪರ್ ಕಟ್ಟಿನವನು,
ಆಸ್ಪತ್ರೆಗೆ ಹೊರಟ ಒಂದು ಫ್ಲಾಸ್ಕು.
ಅಂದು ಯಾರೂ ಬೈಯಲಿಲ್ಲ. ಒಬ್ಬಳು ಕಿಟಕಿಯಿಂದ ಬಗ್ಗಿ
"ಕಂಡಕ್ಟರ್, ಅದು ಗಿಳೀನಾ?" ಅಂದಳು.
ದುರ್ಬೀನು ಮನೆಯಲ್ಲಿತ್ತು. ಬೇಕಾಗಿಯೂ ಇರಲಿಲ್ಲ.
ಎತ್ತಿಕೊಂಡರೆ ಒಂದು ಹಿಡಿ ಚಿಲ್ಲರೆಯಷ್ಟೂ ತೂಕವಿಲ್ಲ,
ಎದೆ ಮಾತ್ರ ಚಳಿಗೆ ಆರಿಸದೆ ಬಿಟ್ಟ ಇಂಜಿನ್.

ಮುನಿಲಕ್ಷ್ಮಮ್ಮ ಹೂವಿನ ಬುಟ್ಟಿ ಬೋರಲು ಹಾಕಿದಳು.
"ನೀನ್ ಹೋಗ್ ಬಾರಪ್ಪ, ಕಾಗೆ ನಾನ್ ನೋಡ್ಕೊಂತೀನಿ."
ಸಾಕ್ಷಿ ಬೇಕಲ್ಲ, ಫೋನು ಸತ್ತಿತ್ತು.
ಮೆಷಿನ್ನಿನಲ್ಲಿ ಒಂದು ಟಿಕೆಟ್ ಹರಿದೆ.
ನವರಂಗ್‌ನಿಂದ ನವರಂಗ್‌ಗೆ ಅಂದರೆ ಅದು ಒಪ್ಪುವುದಿಲ್ಲ.
ಮುಂದಿನ ಸ್ಟೇಜಿಗೆ ಕೊಟ್ಟೆ, ದುಡ್ಡು ನನ್ನ ಜೇಬಿನದು.
ಆರು ಗಂಟೆ ನಾಲ್ಕು ನಿಮಿಷ. ವಯಸ್ಕರು, ಒಂದು.

ಸಂಜೆ ಮೆಜೆಸ್ಟಿಕ್ಕಿನಲ್ಲಿ ಸಿಕ್ಕಿಬಿದ್ದು
ನಾನು ತಲುಪಿದ್ದು ಏಳಾದ ಮೇಲೆ. ಬುಟ್ಟಿ ಅಂಗಾತವಿತ್ತು.
"ಆರು ಗಂಟೇಲಿ ಎರಡು ಸಲ ಸೀಟಿ ಕೇಳಿಸ್ತು,
ನಿನ್ನ ಬಸ್ಸೇ ಬಂತು ಅಂತ ಬುಟ್ಟಿ ಎತ್ತಿದೆ.
ನೋಡಿದ್ರೆ ಬಸ್ಸೂ ಇಲ್ಲ, ನೀನೂ ಇಲ್ಲ.
ರೈಟ್ ರೈಟ್ ಅಂದಿದ್ದು ಅದೇನೆ."

ಭಾನುವಾರ ಪದ್ಮರಾಜಯ್ಯ ಬಹಳ ಹೊತ್ತು ನಕ್ಕರು.
ನವರಂಗ, ನವರಂಗ್‌ನಲ್ಲಿ!
ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ
ಸರಿಹೋಯ್ತು ಬಿಡು ಅಂದರು. ಪಟ್ಟಿಗೆ ಸೇರಿಸಲಿಲ್ಲ.
ನಾನೂ ಒತ್ತಾಯ ಮಾಡಲಿಲ್ಲ.
ಆ ಗಾದೆಯಲ್ಲಿ ಎಲ್ಲರ ಕಣ್ಣೂ ಕೊಂಬೆಯ ಮೇಲೆ.
ಕಾಗೆ ಅಲ್ಲಿಗೇ ಯಾಕೆ ಬಂತು, ಏನನ್ನು ಕಂಡು ಕೂಗಿತು,
ಯಾರೂ ಕೇಳಿದ್ದಿಲ್ಲ.

ಟಿಕೆಟ್ಟಿನ ಅಕ್ಷರ ನಿಲ್ಲುವಂಥದ್ದಲ್ಲ. ಸಂಕ್ರಾಂತಿಯ ಹೊತ್ತಿಗೆ
ಸ್ಟೇಜು ಹೋಯಿತು, ಶಿವರಾತ್ರಿಗೆ ಗಂಟೆ ನಿಮಿಷ.
ಈಗ ಬರಿಯ ಬಿಳಿ ಚೀಟಿ, ಅನ್ನ ಹಚ್ಚಿ ಅಂಟಿಸಿದ್ದೇನೆ.
ಅದರ ಕೆಳಗೆ ಬರೆದದ್ದು ಇಷ್ಟು:
ಅಕ್ಟೋಬರ್ ಹದಿನೇಳು, ಬೆಳಗ್ಗೆ, ನವರಂಗ್.
ಕಾಗೆ, ನಾಲ್ಕು.
ಅದಕ್ಕೆ ಯಾರೂ ಸಾಕ್ಷಿ ಕೇಳಲಿಲ್ಲ.