ಷರಾ

ಕಾರವಾರದ ಕಚೇರಿಯ ಹಿಂದಿನ ಕೋಣೆ.
ಕಿಟಕಿಗೆ ಸಮುದ್ರ, ಕಪಾಟಿಗೆ ಗೆದ್ದಲು.
ನಾನು ನಾಗವೇಕರಬಾಯಿ, ನಕಲು ಬರೆಯುವವಳು.
ಇಡೀ ಇಮಾರತಿನಲ್ಲಿ ಮೋಡಿ ಓದಬಲ್ಲವಳು ಒಬ್ಬಳೇ;
ಸದಾಶಿವಗಡದಲ್ಲಿ ಟಪಾಲು ಹಂಚುತ್ತಿದ್ದ ಅಜ್ಜ
ಪಾಟಿಯ ಮೇಲೆ ತಿದ್ದಿಸಿದ ಲಿಪಿ,
ಲೇಖನಿ ಎತ್ತದೆ ಒಂದೇ ಉಸಿರಿಗೆ
ಊರೆಲ್ಲ ಸುತ್ತಿ ಮನೆಗೆ ಬರುವ ಲಿಪಿ.

ಜನ ಬರುತ್ತಾರೆ. ವಂಶವೃಕ್ಷ ಕೇಳುತ್ತಾರೆ.
ಪರಿಹಾರಕ್ಕೆ, ಹಿಸ್ಸೆಗೆ, ದಾವೆಗೆ.
ಸುಮ್ಮನೆ ತಿಳಿಯಬೇಕೆಂದು ಬಂದವನು
ಇಪ್ಪತ್ತೆಂಟು ವರ್ಷದಲ್ಲಿ ಒಬ್ಬನೇ,
ಯಲ್ಲಾಪುರ ಕಡೆಯ ಸಿದ್ದಿ ಹುಡುಗ:
ನಮ್ಮವರನ್ನು ಇಳಿಸಿದ ಹಡಗಿಗೆ ಹೆಸರಿತ್ತೇ?
ಎರಡು ದಿನ ಹುಡುಕಿದೆ. ಸಿಗಲಿಲ್ಲ.
ಇಳಿದ ಕುದುರೆಗಳ ಲೆಕ್ಕ ಸಿಕ್ಕಿತು, ಬಣ್ಣ ಸಹಿತ.

ಸಾವಿನ ದಫ್ತರಿನಲ್ಲಿ ಒಂದು ಆಶ್ವೀಜ ಮಾಸವಿದೆ.
ಮೊದಲ ಸಾಲಿಗೆ, ಕಾರಣದ ಕಾಲಮಿನಲ್ಲಿ, "ತಾಪ."
ಅದರ ಕೆಳಗೆ ಸದರ್.
ಸದರ್. ಸದರ್. ಸದರ್.
ಹನ್ನೊಂದು ಪುಟ.
ಹನ್ನೆರಡನೆಯದರಲ್ಲಿ ಕೈಬರಹ ಬೇರೆ.

ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ.
ಗಂಡಸರು ಬಿನ್ ಹಿಡಿದು ಮೇಲೆ ಮೇಲೆ ಹತ್ತುತ್ತಾರೆ,
ಏಳು ತಲೆ, ಎಂಟು ತಲೆ.
ಹೆಂಗಸರು ಕೋಂ ಎಂಬ ಬಾಗಿಲಲ್ಲೇ ನಿಂತಿರುತ್ತಾರೆ,
ಎಷ್ಟೋ ಸಲ ಹೆಸರಿಲ್ಲದೆ.

ಜೂನಿನಲ್ಲಿ, ದೋಣಿಗಳು ದಡ ಹತ್ತಿದ ವಾರ,
ಹೊನ್ನಿ ಹರಿಕಂತ್ರ ಬಂದಳು, ಕೊಡೆ ಮಡಿಸಿ ಹೊರಗಿಟ್ಟು.
ಅವಳ ಊರು ಈಗ ನೌಕಾನೆಲೆಯ ಬೇಲಿಯ ಒಳಗಿದೆ.
ಮನೆ ಇದ್ದ ಜಾಗ ತಾಯಿಯ ಕಡೆಯದು.
ತಾಯಿ ಇದ್ದಳು ಎಂಬುದಕ್ಕೆ ದಾಖಲೆ ತಾ, ಎಂದಿದ್ದಾರೆ.
ಹುಟ್ಟಿದ್ದು ನಮೂದಿಲ್ಲ, ಶಾಲೆ ಕಂಡಿಲ್ಲ,
ಸತ್ತ ವರ್ಷದ ಪುಸ್ತಕ ನೀರು ಕುಡಿದು ಇಟ್ಟಿಗೆಯಾಗಿದೆ.
"ಹೆಸರು?" ಎಂದೆ. "ಮಂಕಾಳಿ."

ಆಷಾಢ ಮುಗಿಯುವ ಹೊತ್ತಿಗೆ ಸಿಕ್ಕಳು ಮಂಕಾಳಿ,
ನಾನು ಹುಡುಕದ ಕಡೆ, ಬೈತಖೋಲ ಬಂದರಿನ ದೋಣಿ ಪಟ್ಟಿಯಲ್ಲಿ:

ದೋಣಿಯ ಹೆಸರು ಮಂಕಾಳಿ. ಮಾಲಕ ಜಟ್ಟಿ ಬಿನ್ ಸಣ್ಣತಮ್ಮ.
ಉದ್ದ ಹದಿನೇಳು ಮೊಳ. ಹಾಯಿ ಒಂದು.
ಗುರುತು: ಮೂತಿಗೆ ಬರೆದ ಕಣ್ಣು, ಎಡಬದಿಗೆ ಮಾತ್ರ.

ಓದಿ ಹೇಳಿದೆ. ಹೊನ್ನಿ ನೆಲದ ಮೇಲೆ ಕೂತುಬಿಟ್ಟಳು.
"ನಮ್ಮಬ್ಬೆಗೆ ಒಂದೇ ಕಣ್ಣು, ಬಾಯಿ.
ಬಲದ್ದನ್ನ ಸಿಡುಬು ತಿಂದಿತ್ತು.
ಅಪ್ಪ ದೋಣಿಗೂ ಒಂದೇ ಬರೆದ.
ಕೇರಿಯವರೆಲ್ಲ ನಗ್ಯಾಡಿದ್ರು.
ಬರೆದದ್ದು ಬರೆದದ್ದೇ, ಅಂದ."

ಸಾಹೇಬರು ಕೆಟ್ಟವರಲ್ಲ, ಹಳಿಯಾಳಕ್ಕೆ ವರ್ಗವಾಗಿದ್ದರು,
ಪೆಟ್ಟಿಗೆ ಕಟ್ಟುವ ಅವಸರ.
"ಅದು ದೇವಿಯ ಹೆಸರು, ಬಾಯಿ. ಹತ್ತು ದೋಣಿಗೆ ಇರುತ್ತದೆ."
"ಕಣ್ಣು, ಸರ್?"
"ಕಣ್ಣಿಗೆ ಕಾಲಮ್ಮಿದೆಯೇ?"

ನಕಲು ಕೇಳಿದಳು ಹೊನ್ನಿ.
ಉಪಯೋಗವಿಲ್ಲ ಎಂದೆ. ಇರಲಿ, ಎಂದಳು.
ಯಂತ್ರ ಕೆಟ್ಟಿತ್ತು. ಶಾಯಿಯಲ್ಲೇ ಬರೆದೆ,
ಹದಿನೇಳು ಮೊಳ, ಒಂದು ಹಾಯಿ, ಒಂದು ಕಣ್ಣು.
ಷರಾ ಎಂಬ ಕೊನೆಯ ಕಾಲಮ್ಮು ಮೂಲದಲ್ಲಿ ಖಾಲಿ.
ನಕಲು ಮಾಡುವವಳು ಏನನ್ನೂ ಸೇರಿಸಕೂಡದು.
ಖಾಲಿಯನ್ನೂ ನಕಲು ಮಾಡಿದೆ, ಗೆರೆ ಹಾಕಿ, ಅಳತೆ ಹಿಡಿದು.
ಅಷ್ಟು ಹೊತ್ತು ಯಾವ ಅಕ್ಷರಕ್ಕೂ ತಗುಲಿರಲಿಲ್ಲ.

ಎಲ್ಲುಂಟು ಹೆಸರು, ಎಂದಳು. ತೋರಿಸಿದೆ.
ಹೆಬ್ಬೆರಳಿಂದ ಮೆಲ್ಲಗೆ ಸವರಿದಳು,
ಮಗುವಿನ ಹುಬ್ಬಿನ ಕಾಡಿಗೆ ಸರಿಮಾಡುವ ಹಾಗೆ.
ಮಳೆಗಾಲ, ಶಾಯಿ ಇನ್ನೂ ಹಸಿ.

ಪಾವತಿ ಪುಸ್ತಕ ಮುಂದಿಟ್ಟೆ, ಸಹಿಯ ಜಾಗ ತೋರಿದೆ.
ಪೆಟ್ಟಿಗೆಯ ಮಸಿ ಎಂದೋ ಒಣಗಿತ್ತು,
ಬೇಕಾಗಲಿಲ್ಲ.
ಬೆರಳಿಗೆ ಹತ್ತಿದ್ದನ್ನೇ ಒತ್ತಿದಳು.